450 ಡಾಲರ್‌ನ ಬೋಲ್ಟ್ ಆ್ಯಕ್ಷನ್ ರೈಫಲ್: ಮೊದಲು ಏನು ಬದಲಿಸಬೇಕು?

ತೋಟದಮನೆ:

ಎಲ್ಲರಿಗೂ ನಮಸ್ಕಾರ. ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿ, ಪಿಟ್ಸ್‌ಬರ್ಗ್ ಪಕ್ಕದಲ್ಲಿ ಇದ್ದೇನೆ. ಊರು ತೀರ್ಥಹಳ್ಳಿ ತಾಲ್ಲೂಕು, ಅಡಿಕೆ ತೋಟದ ಮನೆ. ಗ್ರೀನ್ ಕಾರ್ಡ್ ಬಂದು ಎರಡು ವರ್ಷ ಆಯಿತು. ಹೋದ ತಿಂಗಳು ಮೊದಲ ಸಲ ನನ್ನ ಹೆಸರಲ್ಲೇ ಒಂದು ರೈಫಲ್ ತಗೊಂಡೆ.

ಕೋವಿ ನನಗೆ ಹೊಸದೇನಲ್ಲ. ಅಜ್ಜನ ಹತ್ತಿರ ಬೆಳೆ ರಕ್ಷಣೆ ಲೈಸೆನ್ಸಿನ ಒಂಟಿ ನಳಿಗೆ ಕೇಪಿನ ಕೋವಿ ಇತ್ತು. ಮದ್ದು ಸುರಿದು, ಗಜದ ಕೋಲು ಹಾಕಿ ಜಡಿದು, ಕೇಪು ಕೂರಿಸಿ ಒಂದು ಈಡು ಹೊಡೆಯುವಷ್ಟರಲ್ಲಿ ಮಂಗಗಳು ಪಕ್ಕದ ತೋಟ ಮುಗಿಸಿರುತ್ತಿದ್ದವು. ಚುನಾವಣೆ ಬಂತೆಂದರೆ ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಠಾಣೆಗೆ ಒಪ್ಪಿಸಿ ಬರಬೇಕು. ವೋಟು ಎಣಿಸಿದ ಮೇಲೆ ಮತ್ತೆ ಹೋಗಿ ತರಬೇಕು. ಆ ಓಡಾಟಕ್ಕೆ ಅಜ್ಜನ ಜೊತೆ ನಾನೇ. ಆದರೆ ನೂರು ಗಜ ದೂರದ ಕಾಗದಕ್ಕೆ ಗುರಿ ಇಟ್ಟು ಹೊಡೆಯುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತೋಟದಲ್ಲಿ ನೂರು ಗಜ ಕಾಣಿಸುವುದೂ ಇಲ್ಲ ಬಿಡಿ.

ಈಗ ನನ್ನ ರೈಫಲ್. ಬೋಲ್ಟ್ ಆ್ಯಕ್ಷನ್ (ಪ್ರತಿ ಗುಂಡಿಗೂ ಕೈಯಲ್ಲೇ ಬೋಲ್ಟ್ ಎಳೆದು ದೂಡುವ ಜಾತಿ), .308 ಅಳತೆಯ ತೋಟಾ, ಕಪ್ಪು ಪ್ಲಾಸ್ಟಿಕ್ ಸ್ಟಾಕ್ (ನಳಿಗೆ ಕೂರುವ, ಹೆಗಲಿಗೆ ಆನಿಸುವ ಒಡಲು), ಜೊತೆಗೇ ಬಂದ 3-9x40 ಸ್ಕೋಪ್, ಅಂದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವ ಗುರಿ ದುರ್ಬೀನು. 450 ಡಾಲರ್ ಕೊಟ್ಟೆ. ಕಂಪನಿ ಹೆಸರು ಹೇಳುವುದಿಲ್ಲ. ಹೇಳಿದರೆ ಇಲ್ಲಿ ಬ್ರ್ಯಾಂಡ್ ಜಗಳ ಶುರುವಾಗುತ್ತದೆ, ನನ್ನ ಪ್ರಶ್ನೆ ಮೂಲೆಗೆ ಬೀಳುತ್ತದೆ.

ಸಮಸ್ಯೆ ಏನೆಂದರೆ, ಮೊದಲ ದಿನ ರೇಂಜಿನಲ್ಲಿ ಮರಳು ಚೀಲದ ಮೇಲಿಟ್ಟು ನೂರು ಗಜಕ್ಕೆ ಹೊಡೆದಾಗ ಮೂರು ಗುಂಡು ಒಂದೂವರೆ ಇಂಚಿನೊಳಗೆ ಬಿದ್ದವು. ಖುಷಿಯಾಗಿ ಅವತ್ತೇ ರಾತ್ರಿ ಬೈಪಾಡ್ (ಮುಂದೆ ಕಟ್ಟುವ ಎರಡು ಕಾಲಿನ ಆಸರೆ) ಆರ್ಡರ್ ಮಾಡಿದೆ. ಮುಂದಿನ ವಾರ ಅದೇ ರೈಫಲ್, ಅದೇ ತೋಟಾ, ಬೈಪಾಡ್ ಮೇಲೆ ಇಟ್ಟೆ. ನಾಲ್ಕಿಂಚು! ಅದೂ ಒಂದು ಕಡೆಗಲ್ಲ. ಎರಡು ಮೇಲೆ, ಒಂದು ಬಲಕ್ಕೆ, ಇನ್ನೊಂದು ಎಲ್ಲಿಗೆ ಹೋಯಿತೋ ಆ ಭೂತರಾಯನಿಗೇ ಗೊತ್ತು.

ವಿಡಿಯೋ ನೋಡಿದರೆ ಒಬ್ಬ ಸ್ಟಾಕ್ ಬಿಸಾಕಿ ಅಲ್ಯೂಮಿನಿಯಂ ಚಾಸಿ ಹಾಕಿ ಅನ್ನುತ್ತಾನೆ. ಇನ್ನೊಬ್ಬ ಟ್ರಿಗರ್ ಬದಲಿಸಿ ಅನ್ನುತ್ತಾನೆ. ಮತ್ತೊಬ್ಬ ನಳಿಗೆಯನ್ನೇ ಬದಲಿಸಿ ಅನ್ನುತ್ತಾನೆ. ಎಲ್ಲ ಕೂಡಿಸಿದರೆ ರೈಫಲ್‌ಗಿಂತ ಎರಡು ಪಟ್ಟು. ನನ್ನ ಹತ್ತಿರ ಇರುವುದು ತೋಟಾ ಖರ್ಚೂ ಸೇರಿ 300 ಡಾಲರ್. ಅದು ಗೃಹಮಂತ್ರಿಗಳು ಮಂಜೂರು ಮಾಡಿದ ಮೊತ್ತ, ಪರಿಷ್ಕರಣೆ ಇಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬ (ನವೆಂಬರಿನ ನಾಲ್ಕನೇ ಗುರುವಾರ) ಆದ ಶನಿವಾರ ಜಿಂಕೆ ಬೇಟೆ ಸೀಸನ್ ಶುರು. ಎರಡು ತಿಂಗಳಿದೆ. ಮೊದಲು ಏನು ಬದಲಿಸಲಿ?


ಹಳೇಈಡು:

ತೋಟದಮನೆಯವರೇ, ಏನನ್ನೂ ಬದಲಿಸಬೇಡಿ ಮಾರಾಯ್ರೆ. ಮೊದಲು ಜೇಬಿನಿಂದ ಒಂದು ಡಾಲರ್ ನೋಟು ತೆಗೆಯಿರಿ.

ನಾನು ಈ ರಾಜ್ಯಕ್ಕೆ ಬಂದು 22 ವರ್ಷ. ನಾನು ಬಂದ ಕಾಲಕ್ಕೆ ಸೀಸನ್ ಶುರುವಾಗುತ್ತಿದ್ದದ್ದು ಥ್ಯಾಂಕ್ಸ್‌ಗಿವಿಂಗ್ ಕಳೆದ ಸೋಮವಾರ. ಅವತ್ತು ನಮ್ಮ ಕಡೆ ಶಾಲೆಗೇ ರಜೆ. 2019ರಲ್ಲಿ ಶನಿವಾರಕ್ಕೆ ಬದಲಾಯಿತು. ಈ ಅವಧಿಯಲ್ಲಿ ನಾಲ್ಕು ಅಗ್ಗದ ರೈಫಲ್ ನನ್ನ ಕೈ ದಾಟಿವೆ. ನಿಮ್ಮ ಕತೆ ಓದುತ್ತಿದ್ದ ಹಾಗೇ ನನ್ನ ಎರಡನೇ ರೈಫಲ್ ನೆನಪಾಯಿತು. ಚೀಲದ ಮೇಲೆ ಸರಿ, ಬೈಪಾಡ್ ಮೇಲೆ ಹಾಳು. ಅಂದರೆ ನಳಿಗೆಗೆ ರೋಗವಿಲ್ಲ, ಟ್ರಿಗರ್‌ಗೂ ಇಲ್ಲ. ಸ್ಟಾಕಿನ ಮುಂಭಾಗ ಬಗ್ಗುತ್ತಿದೆ.

ಅಗ್ಗದ ರೈಫಲ್‌ನಲ್ಲಿ ಕಂಪನಿಯವರು ದುಡ್ಡು ಉಳಿಸುವುದು ಎಲ್ಲಿ ಗೊತ್ತಾ? ನಳಿಗೆಯಲ್ಲಿ ಅಲ್ಲ. ಈಗಿನ ಯಂತ್ರಗಳಲ್ಲಿ ಒಳ್ಳೆಯ ನಳಿಗೆ ಅಗ್ಗಕ್ಕೇ ಬರುತ್ತದೆ. ಉಳಿಸುವುದು ಸ್ಟಾಕಿನಲ್ಲಿ, ತೋಟಾ ತುಂಬುವ ಮ್ಯಾಗಜೀನಿನಲ್ಲಿ, ಜೊತೆಗೆ ಕೊಡುವ ಸ್ಕೋಪಿನಲ್ಲಿ. ಆ ಪ್ಲಾಸ್ಟಿಕ್ ಸ್ಟಾಕಿನ ಮುಂಭಾಗ ಒಳಗೆ ಟೊಳ್ಳು. ಬೈಪಾಡ್ ಕಟ್ಟುವುದು ಅದರ ತುದಿಯಲ್ಲೇ. ನೀವು ಹೆಗಲು ಕೊಟ್ಟು ಮುಂದಕ್ಕೆ ಒತ್ತಿದ ಕೂಡಲೇ ಅದು ಬಗ್ಗಿ ನಳಿಗೆಗೆ ತಾಗುತ್ತದೆ. ಗುಂಡು ಹಾರುವಾಗ ನಳಿಗೆ ಕಂಪಿಸುತ್ತದೆ. ಪ್ರತಿ ಸಲ ಒಂದೇ ಥರ ಕಂಪಿಸಿದರೆ ಗುಂಡೂ ಒಂದೇ ಕಡೆ ಹೋಗುತ್ತದೆ. ಒಮ್ಮೆ ಪ್ಲಾಸ್ಟಿಕ್ ತಾಗಿ ಒಮ್ಮೆ ತಾಗದಿದ್ದರೆ ಮುಗಿಯಿತು. ಚೀಲವನ್ನು ನೀವು ಬಹುಶಃ ಮ್ಯಾಗಜೀನ್ ಹತ್ತಿರವೇ ಇಟ್ಟಿದ್ದಿರಿ. ಅಲ್ಲಿ ಸ್ಟಾಕ್ ಗಟ್ಟಿ.

ಪರೀಕ್ಷೆ ಸುಲಭ. ಬೋಲ್ಟ್ ಹೊರಗೆ ತೆಗೆಯಿರಿ. ಮ್ಯಾಗಜೀನ್ ತೆಗೆಯಿರಿ. ನಳಿಗೆ ಖಾಲಿ ಇದೆಯೇ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ನೋಡಿ. ಆಮೇಲೆ ಡಾಲರ್ ನೋಟನ್ನು ನಳಿಗೆಗೂ ಸ್ಟಾಕಿಗೂ ನಡುವೆ ತೂರಿಸಿ ಹಿಂದಕ್ಕೆ ಎಳೆಯಿರಿ. ನಳಿಗೆ ಬುಡದವರೆಗೂ ಸಲೀಸಾಗಿ ಜಾರಬೇಕು. ಈಗ ಬೈಪಾಡ್ ಮೇಲೆ ಇಟ್ಟು, ಹೆಂಡತಿಗೆ ಸ್ಟಾಕನ್ನು ಸ್ವಲ್ಪ ಒತ್ತಿ ಹಿಡಿಯಲು ಹೇಳಿ ಮತ್ತೆ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಪೆನ್ಸಿಲ್‌ನಲ್ಲಿ ಗೀಟು ಹಾಕಿ. ಇದಕ್ಕೆ ಖರ್ಚು ಒಂದು ಡಾಲರ್, ಅದೂ ವಾಪಸ್ ಜೇಬಿಗೆ.

ತಾಗುತ್ತಿದ್ದರೆ ಸ್ಟಾಕ್ ಬಿಚ್ಚಿ. ಒಂದು ದುಂಡು ಕೋಲಿಗೆ 80 ನಂಬರಿನ ಮರಳು ಕಾಗದ ಸುತ್ತಿ, ಗೀಟು ಹಾಕಿದ ಕಡೆ ಉಜ್ಜಿ. ಬಚ್ಚಲು ತೊಳೆಯುವ ಹಾಗೆ ಉಜ್ಜಬೇಡಿ. ನಾಲ್ಕು ಸಲ ಉಜ್ಜಿ, ಜೋಡಿಸಿ ನೋಡಿ. ಆಮೇಲೆ ಆ ಟೊಳ್ಳು ಜಾಗ. ನಾನು ಮಾಡಿದ್ದು ಹೇಳುತ್ತೇನೆ. ಬಿಲ್ಲುಗಾರ ಸ್ನೇಹಿತನೊಬ್ಬನ ಹತ್ತಿರ ಮುರಿದ ಕಾರ್ಬನ್ ಬಾಣಗಳಿದ್ದವು. ಎರಡು ತುಂಡು ಕತ್ತರಿಸಿ ಟೊಳ್ಳಿನೊಳಗೆ ಉದ್ದಕ್ಕೆ ಮಲಗಿಸಿ, ಮೇಲೆ ಎರಡು ಭಾಗ ಕಲಸುವ ಎಪಾಕ್ಸಿ ಅಂಟು ಸುರಿದೆ. ಪ್ಲಾಸ್ಟಿಕ್ಕಿಗೆ ಎಪಾಕ್ಸಿ ಸುಲಭಕ್ಕೆ ಅಂಟುವುದಿಲ್ಲ, ಅದಕ್ಕೇ ಮೊದಲು ಒಳಗೆಲ್ಲ ಗೀರಿ, ಸಣ್ಣ ಸಣ್ಣ ತೂತು ಮಾಡಿ, ಸ್ಪಿರಿಟ್ಟಿನಲ್ಲಿ ಒರೆಸಬೇಕು. ಒಂದು ರಾತ್ರಿ ಬಿಟ್ಟರೆ ಹಲಗೆಯ ಹಾಗಾಗುತ್ತದೆ. ಒಟ್ಟು ಖರ್ಚು 15 ಡಾಲರ್. ಚೆಂದವಾಗಿರಲಿಲ್ಲ. ಒಳಗೆ ಯಾರು ನೋಡುತ್ತಾರೆ?

ಜೋಡಿಸುವಾಗ ಟಾರ್ಕ್ ರೆಂಚ್ (ತಿರುಪು ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಸ್ಪ್ಯಾನರ್) ಬಳಸಿ. ನಾನು ಹೇಳಬೇಕಾದ ಮುಖ್ಯ ಮಾತೇ ಇದು. ಬೋಲ್ಟ್ ಆ್ಯಕ್ಷನ್‌ಗೆ ಮಾಡುವ ಅರ್ಧ 'ಕಸ್ಟಮೈಸ್' ಕೆಲಸ ಅಂದರೆ ತಿರುಪು ಸರಿಯಾಗಿ ಬಿಗಿಯುವುದು. ಸ್ಕೋಪನ್ನು ಹಿಡಿದಿಡುವ ರಿಂಗಿನ ತಿರುಪುಗಳ ಬಿಗಿ ಸಾಮಾನ್ಯವಾಗಿ 15ರಿಂದ 18 ಇಂಚ್ ಪೌಂಡ್. ಅಂಗಡಿಯಲ್ಲಿ ಸ್ಕೋಪ್ ಕೂರಿಸಿ ಕೊಟ್ಟಿದ್ದನ್ನು ನಂಬಬೇಡಿ. ನನ್ನ ಒಂದು ರೈಫಲ್‌ನಲ್ಲಿ ಸ್ಕೋಪ್ ಕೂರುವ ಬೇಸಿನ ಹಿಂದಿನ ತಿರುಪು ಬೆರಳಲ್ಲೇ ತಿರುಗುತ್ತಿತ್ತು. ಎರಡು ತಿಂಗಳು ತೋಟಾ ಸುಟ್ಟು, ನನ್ನ ಕಣ್ಣು ಹೋಯಿತು ಅಂತ ಡಾಕ್ಟರ್ ಹತ್ತಿರ ಹೋಗಿ ಹೊಸ ಕನ್ನಡಕ ಮಾಡಿಸಿಕೊಂಡು ಬಂದೆ. ಕನ್ನಡಕ ಈಗಲೂ ಇದೆ, ಅದು ಬೇರೆ ಮಾತು. ಸ್ಟಾಕಿನ ತಿರುಪಿಗೆ ಎಷ್ಟು ಅಂತ ನಿಮ್ಮ ರೈಫಲ್ ಜೊತೆ ಬಂದ ಪುಸ್ತಕದಲ್ಲಿ ನೋಡಿ. ಪ್ಲಾಸ್ಟಿಕ್ಕಿಗೆ ಕಡಿಮೆ ಇರುತ್ತದೆ, ಕಬ್ಬಿಣ ಅಂತ ತಿಳಿದು ತಿರುವಬೇಡಿ.

ಟ್ರಿಗರ್ ಬಗ್ಗೆ: ಗಟ್ಟಿ ಇದ್ದರೆ ಇರಲಿ. ಮನೆಯಲ್ಲಿ ಫೈಲ್ ಹಿಡಿದು ಉಜ್ಜಿ ಹಗುರ ಮಾಡುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ತಾನಾಗಿ ಹಾರುವ ರೈಫಲ್ ಯಾರಿಗೂ ಬೇಡ. ಮುಂದೊಂದು ದಿನ ದುಡ್ಡು ಬಂದಾಗ ಹೊಂದಿಸಿಕೊಳ್ಳುವ ಟ್ರಿಗರ್ ತಗೊಂಡು, ಗನ್‌ಸ್ಮಿತ್ (ಬಂದೂಕು ರಿಪೇರಿಯವರ) ಕೈಯಲ್ಲಿ ಹಾಕಿಸಿ.

ಉಳಿದ ದುಡ್ಡಿಗೆಲ್ಲ ತೋಟಾ.


ಕಾಗದಬೇಟೆ:

ಹಳೇಈಡು ಅವರು ಹೇಳಿದ್ದಕ್ಕೆ ನನ್ನದೂ ಒಂದು ವೋಟು. ನಾನು ಟೆಕ್ಸಾಸ್‌ನಲ್ಲಿ. ಮನೆಯಲ್ಲಿ ಮೊಟ್ಟೆಯೂ ಇಲ್ಲ, ನಾನು ಹೊಡೆಯುವುದು ಕಾಗದಕ್ಕೆ ಮಾತ್ರ. ಬೇಟೆಯವರಿಗೂ ನಮಗೂ ಬೇಕಾಗುವುದು ಬೇರೆ ಬೇರೆ, ಅದನ್ನು ವಿಡಿಯೋದವರು ಹೇಳುವುದಿಲ್ಲ. ನಮಗೆ ಭಾರದ ನಳಿಗೆ ಬೇಕು, ಇಪ್ಪತ್ತು ಗುಂಡು ಹೊಡೆದರೂ ಬಿಸಿಯಾಗಿ ಗುರಿ ಜಾರಬಾರದು. ಬೇಟೆ ರೈಫಲ್‌ನ ನಳಿಗೆ ಸಣ್ಣ. ಮೂರು ಗುಂಡಿಗೇ ಬಿಸಿ. ನಾಲ್ಕನೆಯದು ದೂರ ಹೋಯಿತೆಂದರೆ ಅದು ರೈಫಲ್ ತಪ್ಪಲ್ಲ, ನೀವು ಕಾಯಲಿಲ್ಲ. ಮೂರು ಹೊಡೆದು, ಬೋಲ್ಟ್ ತೆರೆದಿಟ್ಟು, ಹತ್ತು ನಿಮಿಷ ಕಾಫಿ ಕುಡಿಯಿರಿ. ಕಾಡಿನಲ್ಲಿ ನಿಮಗೆ ಬೇಕಾಗಿರುವುದು ತಣ್ಣನೆಯ ನಳಿಗೆಯ ಮೊದಲ ಗುಂಡು.

ಇನ್ನೊಂದು, ಮೂರು ಗುಂಡಿನ ಗುಂಪು ನೋಡಿ ಹಿಗ್ಗಬೇಡಿ. ಅದೃಷ್ಟಕ್ಕೂ ಮೂರು ಹತ್ತಿರ ಬೀಳುತ್ತವೆ. ಬೇರೆ ಬೇರೆ ದಿನ ಹೊಡೆದ ಮೂರು ಮೂರನ್ನು ಒಂದೇ ಕಾಗದದ ಮೇಲೆ ಸೇರಿಸಿ ನೋಡಿ. ಆಗ ಗೊತ್ತಾಗುತ್ತದೆ ಯೋಗ್ಯತೆ, ರೈಫಲ್‌ದೂ ನಮ್ಮದೂ.

ನಳಿಗೆ ಬದಲಿಸುವ ಮಾತಿಗೆ ಒಂದು ಅಡ್ಡ ಟಿಪ್ಪಣಿ. ಸ್ಯಾವೇಜ್ ಕಂಪನಿಯ ರೈಫಲ್‌ಗಳಲ್ಲಿ ನಳಿಗೆಯನ್ನು ಒಂದು ದೊಡ್ಡ ನಟ್ ಹಿಡಿದಿರುತ್ತದೆ. 1958ರಲ್ಲಿ ಬಂದ 110 ಮಾಡೆಲ್‌ನಿಂದ ಇರುವ ಏರ್ಪಾಡು. ಅದನ್ನು ಸಡಿಲಿಸಿ, ಗೋ ಗೇಜ್, ನೋ ಗೋ ಗೇಜ್ ಹಾಕಿ ಹೆಡ್‌ಸ್ಪೇಸ್ (ಬೋಲ್ಟಿನ ಮುಖಕ್ಕೂ ತೋಟಾ ಕೂರುವ ಜಾಗಕ್ಕೂ ಇರುವ ಅಂತರ) ಅಳೆದು, ಬೇರೆ ನಳಿಗೆ ಕೂರಿಸಬಹುದು. ನಾನು ಗೇಜ್ ಇಟ್ಟುಕೊಂಡೇ ಮಾಡಿದ್ದೇನೆ. ಆದರೆ ಹಳೆಯ ನಳಿಗೆ ಸವೆದ ಮೇಲೆ ಮಾಡುವ ಕೆಲಸ ಅದು. .308 ನಳಿಗೆ ಸವೆಯಬೇಕಾದರೆ ಕೆಲವು ಸಾವಿರ ಗುಂಡು ಬೇಕು. ನಿಮ್ಮ ಬಜೆಟ್ಟಿನಲ್ಲಿ ಅದು ನಿಮ್ಮ ಮೊಮ್ಮಗನ ಕೆಲಸ.

ಅಭ್ಯಾಸಕ್ಕೆ ಆದರೆ ಪುಟ್ಟ ತೋಟಾದ ಒಂದು .22 ಬೋಲ್ಟ್ ಆ್ಯಕ್ಷನ್ ತಗೊಳ್ಳಿ, ಈಗಲ್ಲ, ಮುಂದಿನ ವರ್ಷ. ಒಂದು .308 ತೋಟಾ ಬೆಲೆಗೆ ಹತ್ತು ಹೊಡೆಯಬಹುದು, ಹೆಗಲಿಗೆ ಪೆಟ್ಟಿಲ್ಲ.


ಓದುಗ2:

ಒಂದು ಪ್ರಶ್ನೆ. ನಾನು ಎಚ್-1ಬಿ, ಅಂದರೆ ಕೆಲಸದ ವೀಸಾ. ನಾನೂ ರೈಫಲ್ ತಗೊಳ್ಳಬಹುದಾ? ಸ್ನೇಹಿತ ಸಿಟಿಜನ್. ಅವನ ಹೆಸರಲ್ಲಿ ತಗೊಂಡು ನಾನು ಇಟ್ಟುಕೊಂಡರೆ?


ಹಳೇಈಡು:

ಅಯ್ಯೋ, ಬೇಡ! ಬೇರೆಯವರಿಗಾಗಿ ತಮ್ಮ ಹೆಸರಲ್ಲಿ ಕೊಳ್ಳುವುದು ಫೆಡರಲ್ ಅಪರಾಧ. ಅಂಗಡಿಯಲ್ಲಿ ತುಂಬುವ 4473 ಫಾರಂನಲ್ಲಿ ಅದನ್ನು ನೇರವಾಗಿಯೇ ಕೇಳುತ್ತಾರೆ. ಸುಳ್ಳು ಬರೆದರೆ ಸ್ನೇಹಿತನೂ ಹೋದ, ನೀವೂ ಹೋದಿರಿ.

ಎಚ್-1ಬಿ, ಎಫ್-1 (ವಿದ್ಯಾರ್ಥಿ) ಥರದ ವೀಸಾದಲ್ಲಿ ಇರುವವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವಂತಿಲ್ಲ ಅಂತ ಫೆಡರಲ್ ಕಾನೂನು. ಅದಕ್ಕೆ ಕೆಲವು ವಿನಾಯಿತಿಗಳಿವೆ. ಅದರಲ್ಲಿ ಒಂದು, ಯಾವುದಾದರೂ ರಾಜ್ಯ ಕೊಟ್ಟ ಹಂಟಿಂಗ್ ಲೈಸೆನ್ಸ್ ಚಾಲ್ತಿಯಲ್ಲಿರುವುದು. ನಮ್ಮ ರಾಜ್ಯದ ಲೈಸೆನ್ಸ್ ಪ್ರತಿ ಜೂನ್ 30ಕ್ಕೆ ಮುಗಿಯುತ್ತದೆ. ಜುಲೈ 1ಕ್ಕೆ ಹೊಸದು ಮಾಡಿಸದೆ ರೈಫಲ್ ಬೀರುವಿನಲ್ಲಿದ್ದರೆ ಆ ವಿನಾಯಿತಿಯ ಆಸರೆ ಇಲ್ಲ. ಗ್ರೀನ್ ಕಾರ್ಡ್ ಕಡತ ನಡೆಯುತ್ತಿರುವಾಗ ಇಂಥದ್ದು ಕುತ್ತಿಗೆಗೆ ಬರುತ್ತದೆ. ನಿಮ್ಮ ವಲಸೆ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ. ನಾನಾದರೆ ಕಾರ್ಡ್ ಬರುವವರೆಗೆ ಕಾಯುತ್ತಿದ್ದೆ, ಕಾದಿದ್ದೆ ಕೂಡ.


ಮಡಿಕೇರಿಯಿಂದ:

ಇಲ್ಲಿಂದ ಒಬ್ಬ ಓದುತ್ತಾ ಇದ್ದೇನೆ. ನಮ್ಮ ಮನೆಯಲ್ಲಿ ಇಶಾಪುರ ಬಂದೂಕು ಕಾರ್ಖಾನೆಯ .315 ರೈಫಲ್ ಇದೆ, ಅಪ್ಪನ ಕಾಲದ್ದು. ಅದೂ ಬೋಲ್ಟ್ ಆ್ಯಕ್ಷನ್ನೇ, ಹಳೆಯ ಲೀ ಎನ್‌ಫೀಲ್ಡ್ ತಳಿ. ನಿಮ್ಮ ಹಾಗೆ ಇಷ್ಟು ಬಿಡಿ ಭಾಗ ನಮಗೆ ಸಿಗುವುದಿಲ್ಲ. ಸ್ಟಾಕ್ ಬಿರುಕು ಬಿಟ್ಟಾಗ ಅಪ್ಪ ಬಡಗಿ ಹತ್ತಿರ ಬೀಟೆ ಮರದ ತುಂಡು ಕೂರಿಸಿದ್ದರು. ಅದು ಲೋಹದಷ್ಟೇ ಗಟ್ಟಿ, ಲೋಹಕ್ಕಿಂತ ಭಾರ.

1972ರ ವನ್ಯಜೀವಿ ಕಾನೂನು ಬಂದ ಮೇಲೆ ಇಲ್ಲಿ ಶಿಕಾರಿ ಮುಗಿದ ಅಧ್ಯಾಯ. ಕೊಡವರ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಅಲ್ಲಿ ಒಂದು ನೋಡಿದ್ದೇನೆ. ಹೊಸ ಕೋವಿ ತಂದವನು ಹೊಡೆಯುವುದಿಲ್ಲ, ತನ್ನ ಕೋವಿ ಎಲ್ಲಿ ಎಡಕ್ಕೆ ಎಳೆಯುತ್ತದೆ ಅಂತ ಗೊತ್ತಿದ್ದವನು ಹೊಡೆಯುತ್ತಾನೆ. ನಮ್ಮ ಒಬ್ಬ ಚಿಕ್ಕಪ್ಪ ಕಾಯಿಯ ಬಲಕ್ಕೆ ಒಂದು ಗೇಣು ಬಿಟ್ಟು ಗುರಿ ಹಿಡಿಯುತ್ತಿದ್ದರು. ಕಾಯಿ ಒಡೆಯುತ್ತಿತ್ತು.

ಇನ್ನೊಂದು ಮಾತು, ಸಂಬಂಧ ಇಲ್ಲದಿದ್ದರೂ ಹೇಳುತ್ತೇನೆ. ಊರಿಗೆ ಬರುವಾಗ ರೇಂಜಿಗೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ತರಬೇಡಿ. ನನ್ನ ಸ್ನೇಹಿತನ ಚೀಲದ ಮೂಲೆಯಲ್ಲಿ ಒಂದೇ ಒಂದು ತೋಟಾ ಉಳಿದಿತ್ತು. ವಿಮಾನ ನಿಲ್ದಾಣದಲ್ಲಿ ಸಿಕ್ಕಿ ಆರ್ಮ್ಸ್ ಆ್ಯಕ್ಟ್ ಕೇಸಾಯಿತು. ಗೊತ್ತಿಲ್ಲದೆ ಬಂದದ್ದು ಅಂತ ಕೊನೆಗೆ ಬಿಟ್ಟರು, ಅಷ್ಟರಲ್ಲಿ ಅವನ ರಜೆಯೆಲ್ಲ ಕೋರ್ಟಿನಲ್ಲೇ ಮುಗಿದಿತ್ತು.


ತೋಟದಮನೆ:

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರದ ವರದಿ ಒಪ್ಪಿಸುತ್ತಿದ್ದೇನೆ.

ನೋಟಿನ ಪರೀಕ್ಷೆ ಮಾಡಿದೆ. ಸುಮ್ನೆ ಇಟ್ಟಾಗ ನೋಟು ಸಲೀಸಾಗಿ ಹೋಯಿತು. ಬೈಪಾಡ್ ಮೇಲಿಟ್ಟು ಹೆಂಡತಿ ಒಂದು ಬೆರಳಲ್ಲಿ ಒತ್ತಿದ್ದಷ್ಟೇ, ನೋಟು ಬಲಗಡೆ ಕಚ್ಚಿಕೊಂಡಿತು. ಎಳೆದರೆ ಹರಿಯುವ ಹಾಗಿತ್ತು. "ಇದಕ್ಕಾ 450 ಕೊಟ್ಟದ್ದು?" ಅಂದಳು. ಉತ್ತರ ಕೊಡಲಿಲ್ಲ.

ಉಜ್ಜಿದೆ. ಪೊರಕೆ ಹಿಡಿಗೆ ಮರಳು ಕಾಗದ ಸುತ್ತಿ ಎರಡು ಸಂಜೆ. ಬಾಣದ ತುಂಡು ಸಿಗಲಿಲ್ಲ, ಬದಲಿಗೆ ಅಲ್ಯೂಮಿನಿಯಂ ಸಲಾಕೆ ಎರಡು ತುಂಡು ಹಾಕಿ ಎಪಾಕ್ಸಿ ಸುರಿದೆ. ಮೊದಲ ಸಲ ಕಲಸಿದ್ದು ಜಾಸ್ತಿಯಾಗಿ ಉಕ್ಕಿ ನಳಿಗೆ ಕೂರುವ ಕಡೆ ಬಂತು, ಅದನ್ನು ಮತ್ತೆ ಉಜ್ಜುವುದಕ್ಕೆ ಮೂರನೇ ಸಂಜೆ. ಗ್ಯಾರೇಜ್ ಇನ್ನೂ ನಾರುತ್ತಿದೆ. ಸ್ಕೋಪ್ ಬಿಚ್ಚಿ ನೋಡಿದರೆ ಎರಡು ತಿರುಪು ಸಡಿಲ, ಒಂದು ವಿಪರೀತ ಬಿಗಿ. ಟಾರ್ಕ್ ರೆಂಚ್ ತಂದೆ. ಒಟ್ಟು ಖರ್ಚು 78 ಡಾಲರ್. ಉಳಿದದ್ದಕ್ಕೆ ಮೂರು ಥರದ ತೋಟಾ, ಎಲ್ಲದರ ಗುಂಡಿನ ತೂಕ 150 ಗ್ರೇನ್.

ಮೊದಲು 25 ಗಜದಲ್ಲಿ ಗುರಿ ಕೂಡಿಸಿ ಆಮೇಲೆ 100ಕ್ಕೆ ಹೋದೆ. ಇಲ್ಲಿ ಒಂದು ಪೆದ್ದುತನ. 100 ಗಜದಲ್ಲಿ ಸ್ಕೋಪಿನ ತಿರುಗಣೆಯ ನಾಲ್ಕು ಕ್ಲಿಕ್ಕಿಗೆ ಗುರಿ ಒಂದಿಂಚು ಸರಿಯುತ್ತದೆ ಅಂತ ಓದಿದ್ದೆ. 25ರಲ್ಲೂ ನಾಲ್ಕೇ ತಿರುಗಿಸಿ, ಯಾಕೆ ಸರಿಯುತ್ತಿಲ್ಲ ಅಂತ ಸ್ಕೋಪಿಗೆ ಬೈಯುತ್ತಿದ್ದೆ. ಅಲ್ಲಿ ಒಂದಿಂಚಿಗೆ ಹದಿನಾರು ಬೇಕು. ಪಕ್ಕದ ಬೆಂಚಿನ ಅಜ್ಜ ಹೇಳಿಕೊಟ್ಟರು.

ಮೂರರಲ್ಲಿ ಎರಡು ತೋಟಾ ಎರಡಿಂಚು ಎರಡೂವರೆ ಇಂಚು. ಮೂರನೆಯದು, ಅದೂ ಎಲ್ಲಕ್ಕಿಂತ ಅಗ್ಗದ್ದು, ಬೈಪಾಡ್ ಮೇಲೆ ಒಂದೂಕಾಲು ಇಂಚು! ಕಾಗದಬೇಟೆಯವರು ಹೇಳಿದ ಹಾಗೆ ಮೂರು ದಿನದ ಒಂಬತ್ತು ಗುಂಡು ಒಂದೇ ಕಾಗದಕ್ಕೆ ಸೇರಿಸಿದೆ. ಎಂಟು ಎರಡಿಂಚಿಗೆ ಸ್ವಲ್ಪ ಒಳಗೆ. ಒಂದು ಮಾತ್ರ ದೂರ. ಅದು ನನ್ನದು, ಟ್ರಿಗರ್ ಎಳೆಯುವಾಗಲೇ ಕಣ್ಣು ಮುಚ್ಚಿದ್ದೆ, ಗೊತ್ತಾಯಿತು.


ಹಳೇಈಡು:

ಸಾಕು. ಜಿಂಕೆಯ ಎದೆಯಲ್ಲಿ ಗುಂಡು ತಾಗಬೇಕಾದ ಜಾಗ ಸುಮಾರು ಎಂಟಿಂಚು, ಒಂದು ತಿಂಡಿ ತಟ್ಟೆ. ನಾನು ಹೊಡೆದವೆಲ್ಲ 80 ಗಜದೊಳಗೆ. ಇನ್ನು ಬೆಂಚ್ ಬಿಡಿ. ಕಾಗದದ ತಟ್ಟೆ ಕಟ್ಟಿ, ಮಂಡಿಯೂರಿ, ಮರಕ್ಕೆ ಒರಗಿ, ಕೂತು ಹೊಡೆಯಿರಿ. ಚಳಿ ಜಾಕೆಟ್ ಹಾಕಿಕೊಂಡೇ ಹೊಡೆಯಿರಿ. ದಪ್ಪ ಜಾಕೆಟ್ಟಿನಲ್ಲಿ ಸ್ಟಾಕ್ ಉದ್ದವಾದ ಹಾಗಾಗಿ, ಕಣ್ಣು ಸ್ಕೋಪಿಗೆ ಸರಿಯಾಗಿ ಬರುವುದಿಲ್ಲ. ಅಂಗಿಯಲ್ಲಿ ಅಳೆದದ್ದು ನವೆಂಬರಿನಲ್ಲಿ ಸುಳ್ಳಾಗುತ್ತದೆ. ಕಣ್ಣು ಮುಚ್ಚುವುದಕ್ಕೆ ಔಷಧ: ಜೊತೆಯವರಿಗೆ ಹೇಳಿ, ಐದರಲ್ಲಿ ಎರಡು ಸಲ ನಿಮಗೆ ಗೊತ್ತಾಗದ ಹಾಗೆ ಡಮ್ಮಿ ತೋಟಾ ತುಂಬಲಿ. ಢಂ ಅನ್ನದೇ ಇದ್ದಾಗ ನಳಿಗೆ ಹಾರಿತು ಅಂದರೆ ನಿಮ್ಮ ಹೆದರಿಕೆ ನಿಮಗೇ ಕಾಣುತ್ತದೆ.

ಕಿತ್ತಳೆ ಬಣ್ಣದ ಬಟ್ಟೆ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಇರಬೇಕು, ಮರೆಯಬೇಡಿ.


ತೋಟದಮನೆ:

ಶನಿವಾರ ಹೋಗಿ ಬಂದೆ. ಬೆಳಗ್ಗೆ ಐದೂವರೆಗೆ ಹೋಗಿ ಒಂದು ಓಕ್ ಮರದ ಬುಡದಲ್ಲಿ ಕೂತೆ. ಅಜ್ಜ ಹೇಳುತ್ತಿದ್ದ ಮರಸು (ಮರೆಯಲ್ಲಿ ಕೂತು ಕಾಯುವ ಬೇಟೆ) ಅಂದರೆ ಇದೇ ಅನ್ನಿಸಿತು, ಅವರಿಗೆ ಸೊಳ್ಳೆ, ನನಗೆ ಹಿಮ. ಎಂಟು ಗಂಟೆಗೆ ಒಂದು ಗಂಡು ಬಂತು. 60 ಗಜ. ಬೋಲ್ಟ್ ಹಾಕಿದೆ. ಗುರಿ ಅಲುಗಲಿಲ್ಲ, ನಿಜ ಹೇಳುತ್ತೇನೆ. ಆದರೆ ನಮ್ಮ ಕಡೆಯ ನಿಯಮದಲ್ಲಿ ಕೊಂಬಿಗೆ ಹುಬ್ಬಿನ ಕವಲು (ಬುಡದಲ್ಲಿ ಹಣೆಯ ಹತ್ತಿರ ಇರುವ ಕವಲು) ಬಿಟ್ಟು ಒಂದು ಪಕ್ಕ ಮೂರು ಕವಲು ಇರಬೇಕಲ್ಲ. ಪೊದೆಯ ಹಿಂದೆ ಎರಡು ಎಣಿಸಿದೆ, ಮೂರನೆಯದು ಕೊಂಬೋ ಮರದ ಕಡ್ಡಿಯೋ ಗೊತ್ತಾಗಲಿಲ್ಲ. ಮೂರು ನಿಮಿಷ ನಿಂತು ಅದು ಹೋಯಿತು.

ಬೆನ್ನು ಹಿಡಿದಿದೆ. ಸ್ಕೋಪ್ ಸಂಜೆ ಮಬ್ಬಿನಲ್ಲಿ ಏನೂ ಕಾಣಿಸುವುದಿಲ್ಲ, ಅದು ಮುಂದಿನ ವರ್ಷದ ಅರ್ಜಿ.


ಹಳೇಈಡು:

ಸರಿಯಾಗಿ ಮಾಡಿದಿರಿ. ಮುಂದಿನ ಶನಿವಾರ ನಮ್ಮ ಕಡೆ ಬನ್ನಿ. ನಾನು ಕೂರುವ ಜಾಗದಲ್ಲಿ ಪೊದೆ ಕಡಿಮೆ. ಒಂದು ದುರ್ಬೀನು ತನ್ನಿ, ಕೊಂಬು ಎಣಿಸುವುದಕ್ಕೆ ರೈಫಲ್ ಎತ್ತುವುದು ಬೇಡ.


ತೋಟದಮನೆ:

ಬರುತ್ತೇನೆ ಸರ್. ಬುತ್ತಿಗೆ ಪುಳಿಯೋಗರೆ ಆಗಬಹುದಾ?


ಕಾಗದಬೇಟೆ:

ಪುಳಿಯೋಗರೆ ಇದ್ದರೆ ನಾನೂ ಟೆಕ್ಸಾಸ್‌ನಿಂದ ಹೊರಟೆ.